ಹೊರಟ ಪ್ಯಾಕೆಟ್ಟಿನ ಹೊಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಗಣಕಶಾಸ್ತ್ರದ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿ ಮಿತ್ರರೇ,

ಬಿ.ಸಿ. ರೋಡಿನಿಂದ ವಗ್ಗವನ್ನು ಹಾದು, ಮಡಂತ್ಯಾರು, ಗುರುವಾಯನಕೆರೆ, ಉಜಿರೆಗಳ ಮೂಲಕ ಚಾರ್ಮಾಡಿ ಘಟ್ಟವನ್ನೇರುವ 73ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿರುವ ಪುಂಜಾಲಕಟ್ಟೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಬೆಂಜನಪದವು, ಮಿಜಾರು, ಉಜಿರೆ, ಈ ಮೂರು ಎಡೆಗಳಲ್ಲಿಯೂ ಇಂದು ಇಂಜಿನಿಯರಿಂಗ್ ಕಾಲೇಜುಗಳುಂಟು. ನಡುವಣ ಪೇಟೆಗಳ ಪದವಿ ಕಾಲೇಜುಗಳಲ್ಲಿ ಗಣಕಶಾಸ್ತ್ರದ ತರಗತಿಗಳುಂಟು. ಅಡಿಕೆ ತೋಟದ ಮನೆಗಳಿಂದಲೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರ ಮನೆಗಳಿಂದಲೂ ಹೊರಟು, ಬೆಳಗಿನ ಬಸ್ಸು ಹಿಡಿದು ಆ ತರಗತಿಗಳಿಗೆ ಹೋಗುವ ನಿಮ್ಮನ್ನು ನಾನು ದಿನವೂ ಕಾಣುತ್ತೇನೆ. ನಿಮ್ಮಲ್ಲಿ ಬಹುಮಂದಿಗೆ ನನ್ನ ಪರಿಚಯವಿರಲಾರದು. ಒಂದೇ ವಿದ್ಯೆಯಲ್ಲಿ ತುಸು ಮುಂಚಿತವಾಗಿ ಕಾಲಿಟ್ಟವನೆಂಬ ಸಲುಗೆಯೊಂದನ್ನೇ ಆಧಾರವಾಗಿ ಹಿಡಿದು, ನಿಮ್ಮ ಗಮನವನ್ನು ಒಂದು ವಿಷಯದ ಕಡೆಗೆ ಸೆಳೆಯಲು ಅಪೇಕ್ಷಿಸುತ್ತೇನೆ.

ಆ ವಿಷಯ ಮೊದಲ ನೋಟಕ್ಕೆ ಬಹಳ ಸಂಕುಚಿತವಾದುದೆಂದು ತೋರೀತು. ಒಂದು ಗಣಕದಿಂದ ಜಾಲಕ್ಕೆ ಹೊರಡಬೇಕಾದ ಪ್ಯಾಕೆಟ್ಟು ಯಾವುದೋ ಕಾರಣದಿಂದ ಹೊರಡಲಾರದೆ ಹೋದಾಗ, ಆಪರೇಟಿಂಗ್ ಸಿಸ್ಟಮಿನ ಒಳಗಿದ್ದುಕೊಂಡು ಆ ಕೆಲಸವನ್ನು ನಿರ್ವಹಿಸುವ ನೆಟ್‌ವರ್ಕ್ ಡ್ರೈವರ್ ಏನು ಮಾಡತಕ್ಕುದು, ತನ್ನನ್ನು ಕರೆದವರಿಗೆ ಏನೆಂದು ಉತ್ತರ ಕೊಡತಕ್ಕುದು, ಆ ಪ್ಯಾಕೆಟ್ಟು ಆಕ್ರಮಿಸಿಕೊಂಡಿದ್ದ ಮೆಮೊರಿಯನ್ನು ಯಾರು ಬಿಡುಗಡೆ ಮಾಡತಕ್ಕುದು ಎಂಬಿಷ್ಟೇ ಆ ವಿಷಯ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪುಟದ ಸ್ಥಳ ದೊರೆಯುವುದೂ ಅಪೂರ್ವ. ಎಲ್ಲವೂ ಸುಗಮವಾಗಿ ನಡೆದಾಗ ಪ್ರೋಗ್ರಾಮು ಹೇಗೆ ಓಡುತ್ತದೆಂಬುದನ್ನು ತೋರಿಸಿ ಅಂಕಗಳನ್ನು ಪಡೆಯುವುದೇ ನಮ್ಮ ಪ್ರಾಜೆಕ್ಟುಗಳ ಪದ್ಧತಿಯಾಗಿರುವುದರಿಂದ, ಪರೀಕ್ಷಕರೂ ಇದನ್ನು ಕೇಳುವುದಿಲ್ಲ. ಆದರೆ ಡ್ರೈವರೊಂದರ ಯೋಗ್ಯತೆಯನ್ನು ಅಳೆಯಬೇಕಾದುದು, ಪ್ಯಾಕೆಟ್ಟನ್ನು ಕಳುಹಿಸಲಾರದಾದಾಗ ಅದು ನಡೆದುಕೊಳ್ಳುವ ರೀತಿಯಿಂದಲೇ ಎಂಬ ಅಭಿಪ್ರಾಯ ಬಹುಕಾಲದ ವ್ಯಾಸಂಗದಿಂದ ನನ್ನಲ್ಲಿ ದೃಢವಾಗಿ ನೆಲೆಸಿದೆ. ಮತ್ತು ಆ ರೀತಿಯನ್ನು ಅರಿತು, ಪರೀಕ್ಷಿಸಿ, ತಿದ್ದುವುದಕ್ಕೆ ನಮ್ಮ ಈ ಸೀಮೆಯ ತರುಣರಿಗಿರುವಷ್ಟು ಅನುಕೂಲ, ಎಂದೂ ಕಡಿಯದ ಸಂಪರ್ಕದ ನಡುವೆ ಕುಳಿತು ಕೆಲಸ ಮಾಡುವ ಮಹಾನಗರದವರಿಗೆ ಇಲ್ಲವೆಂದೂ ನಾನು ನಂಬಿದ್ದೇನೆ.

ಈ ಅನುಕೂಲ ಎಂಥದೆಂದು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರಿಗೆ ಮುನ್ನ ಸಂಜೆಯ ಹೊತ್ತಿಗೆ ಎರಗುವ ಸಿಡಿಲಿಗೆ ಮೋಡೆಮುಗಳು ಸುಟ್ಟುಹೋಗುವುದು, ಮಳೆ ಹಿಡಿದ ಮೇಲೆ ಮರ ಬಿದ್ದು ವಿದ್ಯುತ್ತೂ ತಂತಿಯೂ ಒಟ್ಟಿಗೆ ಕಡಿಯುವುದು, ಇನ್ವರ್ಟರಿನ ಬಲ ಮುಗಿಯುತ್ತಿದ್ದಂತೆ ಮೊಬೈಲು ಗೋಪುರಗಳು ಒಂದೊಂದಾಗಿ ಮೌನವಾಗುವುದು ನಮಗೆ ವಾರ್ಷಿಕ ಕ್ರಮವೇ ಆಗಿದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದ ರಸ್ತೆ ಕುಸಿದು, ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಹಳ್ಳಿಗಳು ನೆರೆಯಲ್ಲಿ ಸಿಲುಕಿದುದನ್ನು ನೀವು ಕಣ್ಣಾರೆ ಕಂಡವರು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಯ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಬಾಲಿಕೆಗೆ ಆಕೆಯ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಗೋಪುರವಿಲ್ಲದ ಊರಿಗೆ ಡ್ರೈವರಿನ ಚಾತುರ್ಯ ಗೋಪುರವನ್ನು ತಂದುಕೊಡಲಾರದು, ನಿಜ. ಆದರೆ ಸಂಪರ್ಕವು ನಿಮಿಷಕ್ಕೊಮ್ಮೆ ಕಡಿದು ಕೂಡುವ ಸ್ಥಳದಲ್ಲಿ, ಪ್ರತಿಯೊಂದು ಕಡಿತದ ಕ್ಷಣದಲ್ಲಿಯೂ ಡ್ರೈವರಿನ ಕೈಯಲ್ಲಿ ಹೊರಡಲು ಸಿದ್ಧವಾಗಿ ನಿಂತ ಹತ್ತಾರು ಪ್ಯಾಕೆಟ್ಟುಗಳಿರುತ್ತವೆ. ಅವುಗಳನ್ನು ಅದು ಕ್ರಮವಾಗಿ ವಿಲೇವಾರಿ ಮಾಡಿದರೆ ಸಂಪರ್ಕವು ಮರಳಿದೊಡನೆ ಪಾಠವೂ ಮರಳೀತು, ಕ್ರಮ ತಪ್ಪಿದರೆ ಯಂತ್ರವನ್ನೇ ಆರಿಸಿ ಹೊತ್ತಿಸಬೇಕಾದೀತು. ಈ ಎರಡನೆಯ ಅನುಭವ ನಿಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಆರಿಸಿ ಹೊತ್ತಿಸುವುದೇ ಚಿಕಿತ್ಸೆಯೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಬಹುಸಂದರ್ಭಗಳಲ್ಲಿ ಅದು ಯಾರೋ ಬರೆಯದೆ ಬಿಟ್ಟ, ಅಥವಾ ಬರೆದರೂ ಪರೀಕ್ಷಿಸದೆ ಬಿಟ್ಟ, ಹತ್ತು ಸಾಲುಗಳ ಫಲವೆಂಬುದು ಅವರಿಗೆ ತಿಳಿಯದು.

ಇನ್ನು ಯಂತ್ರದೊಳಗಿನ ವ್ಯಾಪಾರವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ. ಲಿನಕ್ಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಮೂಲಪಾಠವನ್ನು ಯಾರ ಅಪ್ಪಣೆಯೂ ಇಲ್ಲದೆ ನೀವು ತೆರೆದು ಓದಬಹುದು. ಪ್ರೋಗ್ರಾಮೊಂದು ಕಳುಹಿಸಿದ ದತ್ತಾಂಶವು ಟಿಸಿಪಿ, ಐಪಿ ಮೊದಲಾದ ಸ್ತರಗಳನ್ನು ಇಳಿದು, ಎಸ್‌ಕೆಬಿ ಎಂದು ಕರೆಯಲ್ಪಡುವ ಒಂದು ರಚನೆಯಾಗಿ ಡ್ರೈವರಿನ ‘ಸ್ಟಾರ್ಟ್ ಎಕ್ಸ್‌ಮಿಟ್’ ಎಂಬ ಕ್ರಿಯೆಯ ಕೈಗೆ ಬರುತ್ತದೆ. ಕಾರ್ಡಿಗೂ ಡ್ರೈವರಿಗೂ ನಡುವೆ ಡಿಸ್ಕ್ರಿಪ್ಟರುಗಳ ಒಂದು ವರ್ತುಲವಿರುತ್ತದೆ. ಇಂಟೆಲಿನ ಇ1000 ಡ್ರೈವರಿನಲ್ಲಿ, ನಾವು ಬದಲಿಸದಿದ್ದರೆ, ಅದಕ್ಕೆ 256 ಸ್ಥಾನಗಳು. ಪ್ಯಾಕೆಟ್ಟಿನ ಮೆಮೊರಿ ಎಲ್ಲಿದೆಯೆಂಬ ವಿಳಾಸವನ್ನು ಕಾರ್ಡಿಗೆ ಅರ್ಥವಾಗುವಂತೆ ಡಿಎಂಎ ವಿಧಾನದಿಂದ ಹೊಂದಿಸಿ, ಒಂದು ಸ್ಥಾನದಲ್ಲಿ ಬರೆದು, ಕಾರ್ಡಿಗೆ ಸೂಚನೆ ಕೊಟ್ಟು ಡ್ರೈವರು ಹಿಂದಿರುಗುತ್ತದೆ. ಕಾರ್ಡು ತನ್ನ ಬಿಡುವಿನಲ್ಲಿ ಅದನ್ನು ತಂತಿಗೆ ಹರಿಯಿಸಿ, ಇಂಟರಪ್ಟಿನ ಮೂಲಕ ಕೆಲಸ ಮುಗಿಯಿತೆಂದು ತಿಳಿಸುತ್ತದೆ. ಆಗ ಡ್ರೈವರು ಆ ಹೊಂದಾಣಿಕೆಯನ್ನು ಬಿಚ್ಚಿ, ಮೆಮೊರಿಯನ್ನು ಬಿಡುಗಡೆ ಮಾಡಿ, ಸ್ಥಾನವನ್ನು ತೆರವುಗೊಳಿಸುತ್ತದೆ. ಸುಗಮವಾದ ಮಾರ್ಗ ಇಷ್ಟೇ, ಮತ್ತು ಇದನ್ನು ಬರೆಯುವುದು ಕಷ್ಟವಲ್ಲ.

ಕಷ್ಟವಿರುವುದು ಸ್ವಾಮ್ಯದಲ್ಲಿ. ಒಂದು ಪ್ಯಾಕೆಟ್ಟು ಒಂದು ಕ್ಷಣದಲ್ಲಿ ಒಬ್ಬರ ಸೊತ್ತಾಗಿರತಕ್ಕುದು. ಇಬ್ಬರ ಸೊತ್ತಾದರೂ ಅನರ್ಥ, ಯಾರ ಸೊತ್ತೂ ಅಲ್ಲವಾದರೂ ಅನರ್ಥ. ಇದಕ್ಕಾಗಿ ಕರ್ನಲು ಡ್ರೈವರಿನೊಡನೆ ಒಂದು ಕರಾರನ್ನು ಮಾಡಿಕೊಂಡಿದೆ. ಡ್ರೈವರು ಕೊಡಬಹುದಾದ ಉತ್ತರಗಳು ಮುಖ್ಯವಾಗಿ ಎರಡು: ‘ಓಕೆ’ ಎಂಬುದೊಂದು, ‘ಬ್ಯುಸಿ’ ಎಂಬುದಿನ್ನೊಂದು. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳಲ್ಲಿ ಪಾರ್ಸೆಲು ಕಳುಹಿಸುವ ರೂಢಿಯನ್ನು ಬಲ್ಲವರಿಗೆ ಈ ಕರಾರು ಸುಲಭವಾಗಿ ಮನಸ್ಸಿಗೆ ಬಂದೀತು. ಪುಂಜಾಲಕಟ್ಟೆಯಲ್ಲಿ ನೀವು ಕಂಡಕ್ಟರನ ಕೈಗೆ ಒಂದು ಕಟ್ಟನ್ನು ಕೊಡಹೋದಾಗ ಆತನು ಸ್ಥಳವಿಲ್ಲವೆಂದು ಹೇಳಿದರೆ, ಕಟ್ಟು ನಿಮ್ಮ ಕೈಯಲ್ಲಿಯೇ ಉಳಿಯಿತು, ಮುಂದಿನ ಬಸ್ಸಿಗೆ ಕೊಡುವ ಹೊಣೆ ನಿಮ್ಮದು. ಆತನು ತೆಗೆದುಕೊಂಡನೆಂದರೆ ಅಲ್ಲಿಂದ ಮುಂದಕ್ಕೆ ಹೊಣೆಯೆಲ್ಲ ಆತನದು, ದಾರಿಯಲ್ಲಿ ಕಟ್ಟು ನೀರಿಗೆ ಬಿದ್ದರೂ ಲೆಕ್ಕ ಒಪ್ಪಿಸಬೇಕಾದವನು ಆತನೇ. ಈಗ ಕಂಡಕ್ಟರನು ಕಟ್ಟನ್ನು ತೆಗೆದುಕೊಂಡು ತೋಡಿಗೆ ಎಸೆದು, ಬಳಿಕ ನಿಮ್ಮ ಕಡೆಗೆ ತಿರುಗಿ ‘ಸ್ಥಳವಿಲ್ಲ, ಮುಂದಿನ ಬಸ್ಸಿಗೆ ಕೊಡಿ’ ಎಂದನೆಂದು ಭಾವಿಸಿರಿ. ನೀವು ಮುಂದಿನ ಬಸ್ಸಿಗೆ ಕೊಡಲು ಕೈ ಚಾಚುವುದು ಇಲ್ಲದ ಕಟ್ಟಿಗೆ. ಮೆಮೊರಿಯನ್ನು ಬಿಡುಗಡೆ ಮಾಡಿದ ತರುವಾಯ ‘ಬ್ಯುಸಿ’ ಎಂದು ಉತ್ತರಿಸುವ ಡ್ರೈವರು ಮಾಡುವುದು ಇದನ್ನೇ. ಕರ್ನಲು ಆ ಪ್ಯಾಕೆಟ್ಟನ್ನು ಪುನಃ ಸರತಿಯಲ್ಲಿಟ್ಟು ಇನ್ನೊಮ್ಮೆ ಕಳುಹಿಸಲು ಹೋಗುತ್ತದೆ; ಅಷ್ಟರೊಳಗೆ ಆ ಮೆಮೊರಿ ಬೇರೆ ಯಾವುದೋ ಕೆಲಸಕ್ಕೆ ವಿನಿಯೋಗವಾಗಿರುತ್ತದೆ; ಯಂತ್ರ ಅಲ್ಲಿಯೇ ಕುಸಿಯಬಹುದು, ಅಥವಾ ಇನ್ನೂ ಭಯಂಕರವಾಗಿ, ಕುಸಿಯದೆ ಅನ್ಯರ ದತ್ತಾಂಶವನ್ನು ಕೆಡಿಸುತ್ತ ಮುಂದುವರಿಯಬಹುದು.

ವಿಫಲತೆಯ ಅತ್ಯಂತ ಪಾಠಯೋಗ್ಯವಾದ ನಿದರ್ಶನವೆಂದರೆ ಡಿಎಂಎ ಹೊಂದಾಣಿಕೆ ತಪ್ಪುವ ಸಂದರ್ಭ. ದೊಡ್ಡ ಪ್ಯಾಕೆಟ್ಟೊಂದು ಒಂದೇ ತುಂಡಾಗಿರದೆ, ಒಂದು ಶಿರೋಭಾಗವೂ ಅದರ ಹಿಂದೆ ಹಲವು ಖಂಡಗಳೂ ಆಗಿ ಚದುರಿಕೊಂಡಿರುವುದುಂಟು. ನಾಲ್ಕು ಕಿಲೋಬೈಟಿನ ಪುಟಗಳಿರುವ ಯಂತ್ರಗಳಲ್ಲಿ ಲಿನಕ್ಸು ಇಂಥ ಖಂಡಗಳನ್ನು ಸಾಂಪ್ರದಾಯಿಕವಾಗಿ 17ರ ವರೆಗೆ ಅನುಮತಿಸಿದೆ. ಶಿರೋಭಾಗವನ್ನೂ ಐದು ಖಂಡಗಳನ್ನೂ ಹೊಂದಿಸಿ, ಆರನೆಯ ಖಂಡದಲ್ಲಿ ಹೊಂದಾಣಿಕೆ ವಿಫಲವಾಯಿತೆಂದಿಟ್ಟುಕೊಳ್ಳಿರಿ. ಆಗ ಡ್ರೈವರು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ನಡೆದು, ಐದನ್ನೂ ಶಿರೋಭಾಗವನ್ನೂ ಬಿಚ್ಚಬೇಕು. ಶಿರೋಭಾಗವನ್ನು ಹೊಂದಿಸಿದ ವಿಧಾನ ಬೇರೆ, ಖಂಡಗಳನ್ನು ಹೊಂದಿಸಿದ ವಿಧಾನ ಬೇರೆಯಾದುದರಿಂದ ಬಿಚ್ಚುವ ವಿಧಾನಗಳೂ ಬೇರೆಯಾಗಿರಬೇಕು. ವರ್ತುಲದ ಕೊನೆಯಿಂದ ಮೊದಲಿಗೆ ಸುತ್ತಿಬಂದಿದ್ದರೆ ಹಿಂದಿರುಗುವಾಗಲೂ ಆ ಸುತ್ತನ್ನು ಗಮನಿಸಬೇಕು. ಮುಂದೆ ಸರಿಸಿದ್ದ ಸೂಚಿಯನ್ನು ಮೊದಲಿನ ಸ್ಥಾನಕ್ಕೆ ತರಬೇಕು. ಅರ್ಧ ಬರೆದ ಡಿಸ್ಕ್ರಿಪ್ಟರು ಕಾರ್ಡಿನ ಕಣ್ಣಿಗೆ ಬೀಳದಂತೆ ಮೊದಲಿನಿಂದಲೇ ಎಚ್ಚರಿಕೆ ವಹಿಸಿರಬೇಕು. ತರುವಾಯ ಪ್ಯಾಕೆಟ್ಟನ್ನು ಬಿಡುಗಡೆ ಮಾಡಿ, ಕೈಬಿಟ್ಟ ಪ್ಯಾಕೆಟ್ಟುಗಳ ಲೆಕ್ಕಕ್ಕೆ ಒಂದನ್ನು ಸೇರಿಸಿ, ‘ಓಕೆ’ ಎಂದು ಹಿಂದಿರುಗಬೇಕು. ಪ್ಯಾಕೆಟ್ಟು ಹೋಗದಿದ್ದರೂ ‘ಓಕೆ’ ಎನ್ನುವುದು ಹೇಗೆ ನ್ಯಾಯವೆಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಈ ಉತ್ತರದ ಅರ್ಥ, ಪ್ಯಾಕೆಟ್ಟಿನ ಹೊಣೆಯನ್ನು ನಾನು ಸ್ವೀಕರಿಸಿ ತೀರಿಸಿದ್ದೇನೆ ಎಂದಷ್ಟೇ. ತಲುಪಿತೆಂಬ ಭರವಸೆಯನ್ನು ಈ ಸ್ತರದಲ್ಲಿ ಯಾರೂ ಯಾರಿಂದಲೂ ನಿರೀಕ್ಷಿಸಿರುವುದಿಲ್ಲ. ಅದರ ಬದಲು ‘ಬ್ಯುಸಿ’ ಎಂದರೆ, ಎಂದಿಗೂ ಹೊಂದಿಸಲಾಗದ ಒಂದು ಪ್ಯಾಕೆಟ್ಟು ಸರತಿಯ ತಲೆಯಲ್ಲಿ ನಿಂತು, ಹಿಂದಿರುವ ನೂರನ್ನು ತಡೆದು, ಕರ್ನಲಿನ ಕಾಲವನ್ನೆಲ್ಲ ವ್ಯರ್ಥಪ್ರಯತ್ನದಲ್ಲಿ ಕಳೆಯಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಎಡೆಯುಂಟು. ಈಥರ್ನೆಟ್ಟಿನ ಚೌಕಟ್ಟು 64 ಬೈಟುಗಳಿಗಿಂತ ಕಿರಿದಾಗಿರಕೂಡದು. ಚಿಕ್ಕ ಪ್ಯಾಕೆಟ್ಟುಗಳಿಗೆ ಬಾಲ ಸೇರಿಸಿ ಉದ್ದ ಮಾಡಬೇಕು. ಈ ಕಾರ್ಯಕ್ಕೆ ಲಿನಕ್ಸಿನಲ್ಲಿ ಸಿದ್ಧವಾದ ಸಹಾಯಕ ಕ್ರಿಯೆಗಳಿದ್ದು, ಮೆಮೊರಿ ದೊರೆಯದೆ ವಿಫಲವಾದಾಗ ಅವು ಪ್ಯಾಕೆಟ್ಟನ್ನು ತಾವೇ ಬಿಡುಗಡೆ ಮಾಡಿ ಹಿಂದಿರುಗುತ್ತವೆ. ಇದನ್ನರಿಯದೆ ವಿಫಲತೆಯ ಕವಲಿನಲ್ಲಿ ಇನ್ನೊಮ್ಮೆ ಬಿಡುಗಡೆ ಮಾಡುವ ಡ್ರೈವರು ಒಂದೇ ಮೆಮೊರಿಯನ್ನು ಎರಡು ಬಾರಿ ತ್ಯಜಿಸಿದಂತಾಗುತ್ತದೆ. ಬಾಲವನ್ನು ಯಾವುದರಿಂದ ತುಂಬಬೇಕೆಂಬುದೂ ಕ್ಷುಲ್ಲಕ ಪ್ರಶ್ನೆಯಲ್ಲ. 2003ರ ಜನವರಿಯಲ್ಲಿ ಏಟ್‌ಸ್ಟೇಕ್ ಸಂಸ್ಥೆಯ ಓಫಿರ್ ಆರ್ಕಿನ್ ಮತ್ತು ಜಾಶ್ ಆಂಡರ್ಸನ್ ಎಂಬವರು, ಹಲವು ಆಪರೇಟಿಂಗ್ ಸಿಸ್ಟಮುಗಳ ಈಥರ್ನೆಟ್ ಡ್ರೈವರುಗಳು ಆ ಬಾಲವನ್ನು ಶೂನ್ಯದಿಂದ ತುಂಬುವುದಕ್ಕೆ ಬದಲಾಗಿ, ಹಿಂದಿನ ಪ್ಯಾಕೆಟ್ಟುಗಳ ಅವಶೇಷವನ್ನೋ ಕರ್ನಲಿನ ಮೆಮೊರಿಯ ತುಣುಕುಗಳನ್ನೋ ಹಾಗೆಯೇ ಕಳುಹಿಸುತ್ತಿವೆಯೆಂದು ತೋರಿಸಿಕೊಟ್ಟರು. ಈಥರ್‌ಲೀಕ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಅದೇ ತಂತಿಯ ಮೇಲಿದ್ದ ಅಪರಿಚಿತನೊಬ್ಬನು ಒಂದು ಬೈಟಿನ ಪಿಂಗನ್ನು ಕಳುಹಿಸಿ, ಬಂದ ಉತ್ತರದ ಬಾಲದಲ್ಲಿ ಅನ್ಯರ ಗುಟ್ಟನ್ನು ಓದಬಹುದಾಗಿತ್ತು. ಅಲ್ಲಿ ಯಾವ ಯಂತ್ರವೂ ಕುಸಿಯಲಿಲ್ಲ, ಯಾವ ಪ್ಯಾಕೆಟ್ಟೂ ಕಳೆದುಹೋಗಲಿಲ್ಲ. ಆದುದರಿಂದಲೇ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಿತು.

ವರ್ತುಲ ತುಂಬಿದಾಗ ಏನಾಗಬೇಕೆಂಬುದನ್ನು ಹೇಳುತ್ತೇನೆ. ಒಳ್ಳೆಯ ಡ್ರೈವರು ‘ಬ್ಯುಸಿ’ ಎಂದು ಹೇಳಬೇಕಾದ ಪ್ರಸಂಗವನ್ನೇ ತಂದುಕೊಳ್ಳುವುದಿಲ್ಲ. ಮುಂದಿನ ದೊಡ್ಡ ಪ್ಯಾಕೆಟ್ಟಿಗೆ ಸಾಲುವಷ್ಟು ಸ್ಥಾನಗಳು ಉಳಿಯವೆಂದು ಕಂಡೊಡನೆ, ಈಗ ಬಂದುದನ್ನು ಕಳುಹಿಸಿ, ಸರತಿಯನ್ನು ನಿಲ್ಲಿಸುತ್ತದೆ. ಕಾರ್ಡು ಕೆಲವನ್ನು ಮುಗಿಸಿದ ಮೇಲೆ ಸರತಿಯನ್ನು ಎಚ್ಚರಿಸುತ್ತದೆ. ಕರ್ನಲಿನೊಂದಿಗೆ ಬರುವ ದಾಖಲೆಗಳೂ ‘ಬ್ಯುಸಿ’ ಉತ್ತರವನ್ನು ಸಾಮಾನ್ಯ ಸ್ಥಿತಿಯಲ್ಲಿ ಕೊಡಕೂಡದೆಂದೇ ವಿಧಿಸುತ್ತವೆ. ಆದರೆ ನಿಲ್ಲಿಸುವವನೂ ಎಚ್ಚರಿಸುವವನೂ ಬೇರೆ ಬೇರೆ ಪ್ರೊಸೆಸರುಗಳ ಮೇಲೆ ಏಕಕಾಲದಲ್ಲಿ ಓಡುತ್ತಿರಬಹುದು. ಒಬ್ಬನು ಸ್ಥಾನವಿಲ್ಲವೆಂದು ನೋಡಿದ ಕ್ಷಣಕ್ಕೂ ಸರತಿಯನ್ನು ನಿಲ್ಲಿಸಿದ ಕ್ಷಣಕ್ಕೂ ನಡುವೆ, ಇನ್ನೊಬ್ಬನು ಎಲ್ಲ ಸ್ಥಾನಗಳನ್ನೂ ತೆರವುಗೊಳಿಸಿ, ಸರತಿ ನಿಂತಿಲ್ಲವಲ್ಲ ಎಂದು ಎಚ್ಚರಿಸದೆಯೇ ಹೋಗಿಬಿಟ್ಟರೆ, ಸರತಿ ನಿಂತದ್ದು ನಿಂತೇ ಇರುತ್ತದೆ. ಆದುದರಿಂದ ನಿಲ್ಲಿಸಿದ ಮೇಲೆ ಮೆಮೊರಿ ತಡೆಗೋಡೆಯನ್ನು ಹಾಕಿ, ಇನ್ನೊಮ್ಮೆ ಸ್ಥಾನಗಳನ್ನು ಎಣಿಸಿ ನೋಡುವ ಕ್ರಮ ಬಂದಿದೆ. ಈ ಎರಡನೆಯ ಎಣಿಕೆ ಅನವಶ್ಯಕವೆಂದು ಭಾವಿಸಿ ತೆಗೆದುಹಾಕುವ ಉತ್ಸಾಹಿಗಳನ್ನು ನಾನು ಬಲ್ಲೆ. ಒಂದು ಲಕ್ಷ ಸಲ ಅವರ ಡ್ರೈವರು ಸರಿಯಾಗಿಯೇ ಓಡುತ್ತದೆ.

ಹೀಗೆ ನಿಂತ ಸರತಿಯನ್ನು ಕಾಯುವುದಕ್ಕೆ ಕರ್ನಲಿನಲ್ಲಿ ಒಂದು ಕಾವಲು ಗಡಿಯಾರವಿದೆ. ಡ್ರೈವರು ಬೇರೆ ಅವಧಿಯನ್ನು ಸೂಚಿಸದಿದ್ದರೆ, ಸಂಪರ್ಕವಿದ್ದೂ 5 ಸೆಕೆಂಡುಗಳವರೆಗೆ ಸರತಿ ನಿಂತೇ ಇದ್ದ ಪಕ್ಷದಲ್ಲಿ ಅದು ಡ್ರೈವರಿನ ‘ಟಿಎಕ್ಸ್ ಟೈಮ್‌ಔಟ್’ ಕ್ರಿಯೆಯನ್ನು ಕರೆಯುತ್ತದೆ. ನಿಮ್ಮ ಮನೆಯ ಯಂತ್ರದ ಲಾಗಿನಲ್ಲಿ ‘ನೆಟ್‌ಡೆವ್ ವಾಚ್‌ಡಾಗ್’ ಎಂದು ಆರಂಭವಾಗುವ ಸಾಲನ್ನು ನೀವು ಕಂಡಿರಬಹುದು. ಆ ಸಾಲಿನ ಜನ್ಮಸ್ಥಾನ ಇದು. ಆ ಹೊತ್ತಿನಲ್ಲಿ ಡ್ರೈವರು ಕಾರ್ಡನ್ನು ನಿಲ್ಲಿಸಿ, ವರ್ತುಲದಲ್ಲಿ ಸಿಕ್ಕಿಕೊಂಡ ಒಂದೊಂದು ಪ್ಯಾಕೆಟ್ಟನ್ನೂ ಬಿಚ್ಚಿ ಬಿಡುಗಡೆ ಮಾಡಿ ಲೆಕ್ಕಕ್ಕೆ ಸೇರಿಸಿ, ಕಾರ್ಡನ್ನು ಪುನಃ ಆರಂಭಿಸಬೇಕು. ಕಾರ್ಡಿನ ಡಿಎಂಎ ಪೂರ್ಣವಾಗಿ ನಿಲ್ಲುವ ಮೊದಲೇ ಬಿಡುಗಡೆ ಮಾಡಿದರೆ, ಇನ್ನೊಬ್ಬರ ಕೈಸೇರಿದ ಮೆಮೊರಿಯನ್ನು ಕಾರ್ಡು ಓದುತ್ತಲೇ ಇರುತ್ತದೆ. ಸಂಪರ್ಕ ಕಡಿದಾಗಲೂ, ಲ್ಯಾಪ್‌ಟಾಪನ್ನು ನಿದ್ರೆಗೆ ಕಳುಹಿಸುವಾಗಲೂ, ಯುಎಸ್‌ಬಿ ಅಡಾಪ್ಟರನ್ನು ಸರಕ್ಕನೆ ಕಿತ್ತಾಗಲೂ ಇದೇ ಶಿಸ್ತು ಬೇಕು. ಇನ್ನೊಂದು ವಿಧಿಯನ್ನೂ ಇಲ್ಲಿ ಜ್ಞಾಪಿಸುತ್ತೇನೆ: ಸ್ವೀಕರಿಸಿದ ಪ್ಯಾಕೆಟ್ಟಿನ ಮೆಮೊರಿಯನ್ನು ಡ್ರೈವರು ಒಂದು ಮಿತವಾದ ಕಾಲದೊಳಗೆ ಬಿಡುಗಡೆ ಮಾಡಲೇಬೇಕು. ಇಂಟರಪ್ಟುಗಳನ್ನು ಕಡಿಮೆ ಮಾಡುವ ಆಸೆಯಿಂದ, ಮುಂದಿನ ಪ್ಯಾಕೆಟ್ಟು ಬಂದಾಗ ಹಿಂದಿನದನ್ನು ತೆರವುಗೊಳಿಸಿದರಾಯಿತೆಂದು ಡ್ರೈವರು ಕಾದು ಕುಳಿತರೆ, ಆ ಮುಂದಿನ ಪ್ಯಾಕೆಟ್ಟನ್ನು ಕಳುಹಿಸಬೇಕಾದ ಸಾಕೆಟ್ಟು ಹಿಂದಿನದು ತೆರವಾಗಲೆಂದು ಕಾದು ಕುಳಿತಿರಬಹುದು; ಇಬ್ಬರೂ ಪರಸ್ಪರ ನಿರೀಕ್ಷೆಯಲ್ಲಿ ಕಾಲ ಕಳೆಯುತ್ತಾರೆ.

ಲೆಕ್ಕವನ್ನು ಪ್ರಸ್ತಾಪಿಸಿದೆ. ಈ ಭಾಗವನ್ನು ವಿದ್ಯಾರ್ಥಿಗಳು ಬಹಳ ಅನಾದರದಿಂದ ನೋಡುವುದರಿಂದ ನನಗೆ ಖೇದವಾಗುತ್ತದೆ. ಡ್ರೈವರಿನಲ್ಲಿ ಮೆಮೊರಿಯೋ ಸ್ಥಾನವೋ ಇಲ್ಲದೆ ಕೈಬಿಟ್ಟ ಪ್ಯಾಕೆಟ್ಟು ಒಂದು ಖಾತೆಗೆ ಹೋಗಬೇಕು. ಕಾರ್ಡು ಕಳುಹಿಸಲು ಯತ್ನಿಸಿ ಸೋತದ್ದು ಇನ್ನೊಂದಕ್ಕೆ. ಹಳೆಯ ಅರ್ಧ ದ್ವಿಮುಖ ಈಥರ್ನೆಟ್ಟಿನಲ್ಲಿ 16 ಬಾರಿ ಯತ್ನಿಸಿಯೂ ಡಿಕ್ಕಿ ತಪ್ಪದೆ ಕಾರ್ಡು ಕೈಚೆಲ್ಲಿದ್ದು, ತಂತಿಯ ಸಂಕೇತ ಮಾಯವಾದುದರಿಂದ ನಷ್ಟವಾದದ್ದು, ಇವಕ್ಕೆ ಪ್ರತ್ಯೇಕ ಖಾತೆಗಳಿವೆ. ಮೆಮೊರಿಯನ್ನು ಬಿಡುಗಡೆ ಮಾಡುವ ಕ್ರಿಯೆಗಳಲ್ಲಿಯೂ, ಕೆಲಸ ಮುಗಿದು ಬಿಟ್ಟದ್ದಕ್ಕೆ ಒಂದು, ಸೋತು ಬಿಟ್ಟದ್ದಕ್ಕೆ ಇನ್ನೊಂದು ಎಂದು ಎರಡು ಹೆಸರುಗಳಿದ್ದು, ಪ್ಯಾಕೆಟ್ಟು ಎಲ್ಲಿ ನಷ್ಟವಾಯಿತೆಂದು ಶೋಧಿಸುವ ಉಪಕರಣಗಳು ಈ ಭೇದವನ್ನೇ ನಂಬಿ ಕೆಲಸ ಮಾಡುತ್ತವೆ. ಮಳೆಯಲ್ಲಿ ನೆನೆಯುತ್ತ ಕಂಬವೇರುವ ಲೈನ್‌ಮ್ಯಾನನಿಗೆ, ದೋಷ ಹೊರಗಿನ ತಂತಿಯದೋ ಒಳಗಿನ ಯಂತ್ರದ್ದೋ ಎಂದು ಕೆಳಗೇ ನಿಂತು ತಿಳಿಯಲು ಬೇರೆ ಸಾಧನವಿಲ್ಲ. ಸೋಲನ್ನು ಗೆಲುವಿನ ಖಾತೆಗೆ ಬರೆಯುವ ಡ್ರೈವರು ಆತನನ್ನು ಸುಮ್ಮನೆ ಕಂಬ ಹತ್ತಿಸುತ್ತದೆ.

ಇಷ್ಟೆಲ್ಲ ಏಕೆ, ಪ್ಯಾಕೆಟ್ಟು ಹೋಗದಿದ್ದರೆ ಟಿಸಿಪಿ ಪುನಃ ಕಳುಹಿಸುವುದಷ್ಟೆ ಎಂಬ ಆಕ್ಷೇಪವನ್ನು ನಾನು ಲಘುವಾಗಿ ತಳ್ಳಿಹಾಕುವುದಿಲ್ಲ. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1980ರ ದಶಕದ ಆದಿಯಲ್ಲಿ ಪ್ರತಿಪಾದಿಸಿದ ತತ್ತ್ವವೂ ಅದೇ: ವಿಶ್ವಾಸಾರ್ಹತೆಯ ಕೊನೆಯ ಹೊಣೆ ತುದಿಗಳಲ್ಲಿರುವವರದು, ನಡುವಿನವರು ಮಾಡುವುದು ನೆರವು ಮಾತ್ರ. ಆ ಕಾರಣದಿಂದಲೇ ಡ್ರೈವರು ತಾನೇ ಪ್ಯಾಕೆಟ್ಟನ್ನು ಬಿಡದೆ ಹಿಡಿದು ಮತ್ತೆ ಮತ್ತೆ ಕಳುಹಿಸುವ ಹಟಕ್ಕೆ ಹೋಗಕೂಡದು. ಅತ್ಯುತ್ಸಾಹದ ಪುನಃಪ್ರೇಷಣದಿಂದ ಏನಾಗುತ್ತದೆಂಬುದನ್ನು 1986ರ ಅಕ್ಟೋಬರಿನಲ್ಲಿ ಜಗತ್ತು ಕಂಡಿತು: ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರ ಸಮೀಪದಲ್ಲಿಯೇ ಇರುವ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಣ ಜಾಲದಲ್ಲಿ ಸೆಕೆಂಡಿಗೆ 32,000 ಬಿಟ್ಟುಗಳಷ್ಟಿದ್ದ ಪ್ರವಾಹ 40 ಬಿಟ್ಟುಗಳಿಗೆ ಇಳಿಯಿತು, ಅದರ ಕಾರಣವನ್ನು ಶೋಧಿಸಿ ವಾನ್ ಜೇಕಬ್‌ಸನ್ನರು 1988ರಲ್ಲಿ ಪ್ರಕಟಿಸಿದ ಪ್ರಬಂಧವೇ ಇಂದಿನ ಟಿಸಿಪಿಯ ಸಂಯಮಕ್ಕೆ ಆಧಾರ. ಆದರೆ ಮೇಲಿನವನು ಸರಿಪಡಿಸುವನೆಂಬುದು ಕೆಳಗಿನವನ ಅಶಿಸ್ತಿಗೆ ಸಮಾಧಾನವಾಗಲಾರದು. ಟಿಸಿಪಿ ಮತ್ತೆ ಕಳುಹಿಸಬಲ್ಲುದು. ಡ್ರೈವರು ಸೋರಿಸಿದ ಮೆಮೊರಿಯನ್ನು ಮರಳಿ ತರಲಾರದು, ನಿಂತ ಸರತಿಯನ್ನು ಎಬ್ಬಿಸಲಾರದು. ಪಾಠದ ಧ್ವನಿಯನ್ನೂ ಚಿತ್ರವನ್ನೂ ಹೊತ್ತ ಯುಡಿಪಿ ಪ್ಯಾಕೆಟ್ಟುಗಳಿಗಂತೂ ಆ ರಕ್ಷಣೆಯೂ ಇಲ್ಲ. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಎಂಬವರು ನಿಜವಾದ ಜಾಲಗಳನ್ನು ಪರೀಕ್ಷಿಸಿ, ತಂತಿಯ ಮೇಲಿನ ಸಿಆರ್‌ಸಿ ತಪಾಸಣೆಯಲ್ಲಿ ಉತ್ತೀರ್ಣವಾದ ಪ್ಯಾಕೆಟ್ಟುಗಳಲ್ಲಿಯೂ 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಟಿಸಿಪಿಯ ತಪಾಸಣೆಯಲ್ಲಿ ಸೋಲುತ್ತವೆಯೆಂದು ವರದಿ ಮಾಡಿದರು. ತಂತಿ ಮುಟ್ಟುವ ಮೊದಲೇ, ಯಂತ್ರಗಳ ಒಳಗೆ, ಪ್ಯಾಕೆಟ್ಟುಗಳು ಕೆಡುತ್ತಿದ್ದುವೆಂಬುದು ಅವರು ಕಂಡ ಕಾರಣಗಳಲ್ಲೊಂದು.

ಡ್ರೈವರುಗಳಲ್ಲಿ ದೋಷ ಹೆಚ್ಚೆಂಬುದು ಕೇವಲ ನನ್ನ ಆರೋಪವಲ್ಲ. 2001ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಲಿನಕ್ಸಿನ ಮೂಲಪಾಠವನ್ನು ಯಂತ್ರದಿಂದಲೇ ತಪಾಸಣೆ ಮಾಡಿಸಿ, ಕರ್ನಲಿನ ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ಕೆಲವು ಬಗೆಯ ದೋಷಗಳ ಪ್ರಮಾಣ ಮೂರರಿಂದ ಏಳು ಪಟ್ಟು ಅಧಿಕವೆಂದು ಕಂಡುಕೊಂಡರು. 2009ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಸಿಮ್ ಕಡವ್ ಮತ್ತು ಸಂಗಡಿಗರು, ಕಾರ್ಡು ತಪ್ಪದೆ ಸರಿಯಾದ ಉತ್ತರವನ್ನೇ ಕೊಡುವುದೆಂದು ನಂಬಿ ಬರೆದ ನೂರಾರು ಸ್ಥಳಗಳನ್ನು ಲಿನಕ್ಸಿನ ಡ್ರೈವರುಗಳಲ್ಲಿ ಹುಡುಕಿ ತೆಗೆದರು. ಬರೆದವರು ಅಸಮರ್ಥರೆಂದು ಇದರಿಂದ ತಿಳಿಯಕೂಡದು. ಅವರ ಮೇಜಿನ ಮೇಲಿನ ಕಾರ್ಡು ಕೆಡುತ್ತಿರಲಿಲ್ಲ, ತಂತಿ ಕಡಿಯುತ್ತಿರಲಿಲ್ಲ, ಮೆಮೊರಿ ಮುಗಿಯುತ್ತಿರಲಿಲ್ಲ; ವಿಫಲತೆಯ ಕವಲು ಒಂದು ಬಾರಿಯೂ ಓಡದೆ ಅವರ ಕೈಯಿಂದ ಲೋಕಕ್ಕೆ ಹೋಯಿತು, ಮತ್ತು ಮೊದಲ ಬಾರಿಗೆ ಓಡಿದ್ದು ನಮ್ಮಂಥವರ ಮನೆಯಲ್ಲಿ.

ಆದುದರಿಂದ ನಿಮ್ಮಿಂದ ನಾನು ಅಪೇಕ್ಷಿಸುವುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕಾರ್ಬೆಟ್, ರೂಬಿನಿ, ಕ್ರೋಆ-ಹಾರ್ಟ್‌ಮನ್ ಇವರ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಗ್ರಂಥದ 2005ರ ಮೂರನೆಯ ಆವೃತ್ತಿ ಉಚಿತವಾಗಿ ದೊರೆಯುತ್ತದೆ. ಅದರ 17ನೆಯ ಅಧ್ಯಾಯದಲ್ಲಿ ಎಸ್‌ನಲ್ ಎಂಬ ಕಾಲ್ಪನಿಕ ಕಾರ್ಡಿನ ಡ್ರೈವರೊಂದಿದ್ದು, ಪ್ಯಾಕೆಟ್ಟುಗಳ ನಡುವೆ ಪ್ರೇಷಣವು ಬೇಕೆಂದೇ ಸ್ತಂಭಿಸುವಂತೆ ಮಾಡುವ ವ್ಯವಸ್ಥೆಯನ್ನು ಲೇಖಕರು ಅದರಲ್ಲಿ ಇಟ್ಟಿದ್ದಾರೆ. ಇಂದಿನ ಕರ್ನಲಿನಲ್ಲಿ ಅದು ಇದ್ದಂತೆಯೇ ಓಡದು. ಅದನ್ನು ಇಂದಿನದಕ್ಕೆ ಹೊಂದಿಸುವುದೇ ಒಂದು ಸೆಮಿಸ್ಟರಿನ ಉತ್ತಮ ವ್ಯಾಸಂಗ. ಕರ್ನಲಿನಲ್ಲಿ 2007ರಿಂದ ದೋಷವನ್ನು ಬೇಕೆಂದೇ ಉಂಟುಮಾಡುವ ಸಾಧನವಿದೆ. ಮೆಮೊರಿ ಕೇಳಿದಾಗ ನೂರಕ್ಕೊಮ್ಮೆ ಇಲ್ಲವೆನ್ನುವಂತೆ ಅದನ್ನು ಹೊಂದಿಸಿ, ಡಿಎಂಎ ತಪಾಸಣೆಯ ಸಾಧನವನ್ನೂ ಜೊತೆಗೆ ಹಚ್ಚಿ, ಪ್ರಯೋಗಶಾಲೆಯ ಹಳೆಯ ಯಂತ್ರವೊಂದರ ಮೇಲೆ ರಾತ್ರಿಯೆಲ್ಲ ಓಡಿಸಿರಿ. ತಂತಿಯನ್ನು ಕೈಯಿಂದಲೇ ಕೀಳಿರಿ, ಮರಳಿ ಸಿಕ್ಕಿಸಿರಿ. ಮಳೆಗಾಲದಲ್ಲಿ ನಿಮ್ಮ ಮನೆಯ ಯಂತ್ರದ ಲಾಗನ್ನೂ ಲೆಕ್ಕದ ಖಾತೆಗಳನ್ನೂ ದಿನಕ್ಕೊಮ್ಮೆ ಬರೆದಿಟ್ಟುಕೊಳ್ಳಿರಿ. ಕೃತಕವಾಗಿ ಹುಟ್ಟಿಸಲಾಗದ ದೋಷಗಳು ಅಲ್ಲಿ ತಾವಾಗಿ ಒದಗುತ್ತವೆ. ದೋಷವೊಂದು ಸಿಕ್ಕಿತೆಂದರೆ ಅದರ ತಿದ್ದುಪಡಿಯನ್ನು ಆ ಡ್ರೈವರಿನ ಪಾಲಕರಿಗೆ ಕಳುಹಿಸುವಾಗ, ಯಾವ ಸನ್ನಿವೇಶದಲ್ಲಿ ಅದು ಪ್ರಕಟವಾಯಿತು, ಅದನ್ನು ಪುನಃ ಹುಟ್ಟಿಸುವ ಬಗೆ ಯಾವುದು, ಯಾವ ಹಳೆಯ ಬದಲಾವಣೆಯಿಂದ ಅದು ಒಳಸೇರಿತು, ಈ ಮೂರನ್ನೂ ವಿನಯದಿಂದಲೂ ನಿಷ್ಕೃಷ್ಟವಾಗಿಯೂ ಬರೆಯಿರಿ. ಅಧ್ಯಾಪಕರಲ್ಲಿ ನನ್ನದೊಂದು ಪ್ರಾರ್ಥನೆ: ಪ್ರಾಜೆಕ್ಟುಗಳ ಮೌಲ್ಯಮಾಪನದ ದಿನ, ವಿದ್ಯಾರ್ಥಿಯ ಪ್ರದರ್ಶನ ನಡೆಯುತ್ತಿರುವಾಗಲೇ ತಂತಿಯನ್ನು ಒಮ್ಮೆ ಕಿತ್ತು ನೋಡಿ, ಮುಂದಿನ ನಿಮಿಷದಲ್ಲಿ ನಡೆಯುವುದಕ್ಕೂ ಅಂಕಗಳನ್ನು ಮೀಸಲಿಡುವ ಕೃಪೆ ಮಾಡಬೇಕು.

ಮೊದಲ ಕೆಲಸಕ್ಕೆ ಯಾವ ಸಾಧನವೂ ಬೇಕಾಗಿಲ್ಲ. ನಿಮ್ಮ ಯಂತ್ರದಲ್ಲಿರುವ ಕಾರ್ಡಿನ ಡ್ರೈವರನ್ನು ತೆರೆದು, ಅದರ ಸ್ಟಾರ್ಟ್ ಎಕ್ಸ್‌ಮಿಟ್ ಕ್ರಿಯೆಯಲ್ಲಿ ಹಿಂದಿರುಗುವ ಸಾಲುಗಳೆಷ್ಟಿವೆಯೋ ಅಷ್ಟರ ಎದುರಿಗೂ, ಆ ಕ್ಷಣದಲ್ಲಿ ಪ್ಯಾಕೆಟ್ಟು ಯಾರ ವಶದಲ್ಲಿದೆ, ಯಾವ ಖಾತೆಗೆ ಅದು ಸೇರಿತು ಎಂಬುದನ್ನು ಪೆನ್ಸಿಲಿನಿಂದ ಬರೆಯಿರಿ. ಯಾವ ಸಾಲಿನ ಎದುರು ಏನು ಬರೆಯಬೇಕೆಂದು ತೋರದೋ ಅದನ್ನು ನನಗೂ ತಿಳಿಸಿರಿ, ಕೂಡಿ ನೋಡೋಣ.

ಇತಿ ನಿಮ್ಮ ಹಿತಾಕಾಂಕ್ಷಿ,
ಪುಂಜಾಲಕಟ್ಟೆಯ ಒಬ್ಬ ಗಣಕವೃತ್ತಿಯವನು